ಬೋನಿಗೆ ಬಿದ್ದ ಡ್ರ್ಯಾಗನ್

ನಮ್ಮ ಪುರಾಣ ಕಥೆಗಳಲ್ಲಿ ರಾಕ್ಷಸರಿಗೆ ಸಾಮಾನ್ಯವಾಗಿ ಒಂದೇ ಗತಿ, ಸಂಹಾರ. ಬಕಾಸುರನಿಗೆ ಭೀಮಸೇನ, ಮಹಿಷಾಸುರನಿಗೆ ಚಾಮುಂಡೇಶ್ವರಿ. ರಾಕ್ಷಸ ಸತ್ತಲ್ಲಿಗೆ ಕಥೆ ಮುಗಿಯಿತು, ಊರಿಗೆ ನೆಮ್ಮದಿಯಾಯಿತು, ಕಥೆ ಕೇಳುತ್ತಿದ್ದ ಮಕ್ಕಳಿಗೆ ನಿದ್ದೆ ಬಂತು. ಆದರೆ ಆ ರಾಕ್ಷಸನನ್ನು ಕೊಲ್ಲದೆ ಜೀವಂತ ಹಿಡಿದಿದ್ದರೆ? ಅವನನ್ನು ಎಲ್ಲಿ ಇಡಬೇಕಿತ್ತು? ಕಾವಲಿಗೆ ಯಾರು? ಬಾಗಿಲಿನ ಅಗುಳಿ ಯಾರ ಕೈಯಲ್ಲಿ? ಈ ಪ್ರಶ್ನೆಗಳನ್ನು ಅಜ್ಜಿ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈ ಪ್ರಶ್ನೆಗಳನ್ನು ಕೇಳುವ ಒಂದು ಗಣಕಯಂತ್ರದ ಆಟವಿದೆ. ಅದರ ಹೆಸರು 'ಡ್ವಾರ್ಫ್ ಫೋರ್ಟ್ರೆಸ್', ಎಂದರೆ ಕುಬ್ಜರ ಕೋಟೆ. ಕಂಪ್ಯೂಟರ್ ಆಟ ಎಂದೊಡನೆ ಪುಟ ಮಗುಚಬೇಡಿ. ಊರಿಂದ ದೂರ ಬಂದು ನೆಲೆಸಿರುವ ನಮ್ಮ ಎಷ್ಟೋ ಮನೆಗಳಲ್ಲಿ ರಾತ್ರಿ ಹನ್ನೊಂದಾದರೂ ಮಗನ ಕೋಣೆಯ ದೀಪ ಆರುವುದಿಲ್ಲ. "ಅದೇನು ಅಷ್ಟು ಹೊತ್ತು ಆಡ್ತೀಯೋ?" ಎಂದು ತಾಯಿ ಕೇಳಿದರೆ, "ಡ್ರ್ಯಾಗನ್ ಹಿಡೀತಾ ಇದೀನಮ್ಮ" ಎಂಬ ಉತ್ತರ. ಆ ಉತ್ತರದ ಹಿಂದೆ ಏನಿದೆ ಎಂಬುದನ್ನು ದೊಡ್ಡವರಾದ ನಾವು ತಿಳಿದುಕೊಂಡರೆ ನಷ್ಟವೇನೂ ಇಲ್ಲ. ಲಾಭ ಇರಲೂಬಹುದು.

ಇಬ್ಬರು ಸಹೋದರರ ಸಾಹಸ

ಈ ಆಟವನ್ನು ರಚಿಸಿದವರು ಅಮೆರಿಕದ ಇಬ್ಬರು ಸಹೋದರರು, ಅಣ್ಣ ಝ್ಯಾಕ್ ಆಡಮ್ಸ್ ಮತ್ತು ತಮ್ಮ ಟಾರ್ನ್ ಆಡಮ್ಸ್. ಟಾರ್ನ್ ಗಣಿತದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ 2005ರಲ್ಲಿ ಡಾಕ್ಟರೇಟ್ ಪಡೆದವರು. ಮುಂದೆ ಟೆಕ್ಸಾಸ್‌ನಲ್ಲಿ ಸಂಶೋಧನಾ ಹುದ್ದೆಯೊಂದಕ್ಕೆ ಸೇರಿದರಾದರೂ ಹೆಚ್ಚು ದಿನ ನಿಲ್ಲಲಿಲ್ಲ. 2006ರಲ್ಲಿ ಅದನ್ನು ಬಿಟ್ಟು ಆಟ ರಚಿಸುವುದನ್ನೇ ಪೂರ್ಣಾವಧಿ ಕೆಲಸ ಮಾಡಿಕೊಂಡರು. ಸಂಕೇತಗಳನ್ನು ಬರೆಯುವುದು ತಮ್ಮನ ಪಾಲು, ಇತಿಹಾಸದ ಓದು ಮತ್ತು ಕಥೆಯ ಕಲ್ಪನೆ ಅಣ್ಣನ ಪಾಲು. 2002ರಲ್ಲಿ ಆರಂಭವಾದ ಈ ಕೆಲಸದ ಮೊದಲ ರೂಪ 2006ರ ಆಗಸ್ಟ್ 8ರಂದು ಹೊರಬಂತು. ಬೆಲೆ ಏನೂ ಇಲ್ಲ, ಬೇಕಾದವರು ಇಳಿಸಿಕೊಂಡು ಆಡಬಹುದು, ಮನಸ್ಸಿದ್ದವರು ಕಾಣಿಕೆ ಕಳಿಸಬಹುದು. ಹದಿನಾರು ವರ್ಷ ಇಬ್ಬರ ಬದುಕೂ ಬಹುಮಟ್ಟಿಗೆ ಆ ಕಾಣಿಕೆಯ ಮೇಲೆಯೇ ಸಾಗಿತು.

ನೋಡಲು ಆಟ ಸುಂದರವಾಗಿಯೇನೂ ಇರಲಿಲ್ಲ. ಚಿತ್ರಗಳ ಬದಲು ಬರೀ ಅಕ್ಷರಗಳು, ಚಿಹ್ನೆಗಳು. ಒಂದು ಇಂಗ್ಲಿಷ್ ಅಕ್ಷರ ಕಂಡರೆ ಆನೆ, ಇನ್ನೊಂದು ಕಂಡರೆ ಡ್ರ್ಯಾಗನ್ ಎಂದು ಊಹಿಸಿಕೊಳ್ಳಬೇಕು. ಹಾಗಿದ್ದೂ ನ್ಯೂಯಾರ್ಕಿನ ಪ್ರಸಿದ್ಧ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ತನ್ನ ಸಂಗ್ರಹಕ್ಕೆ ಮೊದಲ ಬಾರಿಗೆ ಹದಿನಾಲ್ಕು ವಿಡಿಯೋ ಆಟಗಳನ್ನು ಆರಿಸಿಕೊಂಡಾಗ ಅವುಗಳಲ್ಲಿ ಇದೂ ಒಂದಾಯಿತು. ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ 'ಮೈನ್‌ಕ್ರಾಫ್ಟ್' ಆಟವನ್ನು ರಚಿಸಿದವರೂ ತಮಗೆ ಸ್ಫೂರ್ತಿ ನೀಡಿದ ಆಟಗಳಲ್ಲಿ ಇದರ ಹೆಸರನ್ನು ಹೇಳಿದ್ದಾರೆ.

ಈಗ ನೀವೇ ಯಜಮಾನರು

ಓದುಗರೇ, ಒಂದು ಗಳಿಗೆ ನೀವೇ ಈ ಕೋಟೆಯ ಯಜಮಾನರು ಎಂದುಕೊಳ್ಳಿ. ಏಳು ಮಂದಿ ಕುಬ್ಜರು ಒಂದು ಬಂಡಿ ಸಾಮಾನಿನೊಡನೆ ಬೆಟ್ಟದ ತಪ್ಪಲಿಗೆ ಬಂದಿಳಿದಿದ್ದಾರೆ. ಒಬ್ಬ ಬಡಗಿ, ಒಬ್ಬ ಕಲ್ಲುಕುಟಿಗ, ಒಬ್ಬ ಬೇಸಾಯ ಬಲ್ಲವ, ಇನ್ನೊಬ್ಬ ಗಣಿ ಅಗೆಯುವವ. ಬೆಟ್ಟವನ್ನು ಕೊರೆದು ಮನೆ ಮಾಡಬೇಕು, ನೆಲದಡಿ ಬೆಳೆ ತೆಗೆಯಬೇಕು, ಚಳಿಗಾಲಕ್ಕೆ ಮೊದಲು ಪಾನೀಯ ಕೂಡಿಡಬೇಕು. ಹೆಂಡವಿಲ್ಲದಿದ್ದರೆ ಈ ಕುಬ್ಜರಿಗೆ ಕೈಕಾಲು ಆಡುವುದಿಲ್ಲ.

ಇಲ್ಲೊಂದು ಮುಖ್ಯ ಸಂಗತಿ ಇದೆ. ನೀವು ಯಾವ ಕುಬ್ಜನನ್ನೂ ಕೈಹಿಡಿದು ನಡೆಸುವಂತಿಲ್ಲ. "ಇಲ್ಲಿ ಅಗೆಯಬೇಕು, ಅಲ್ಲಿ ಬಾಗಿಲಿಡಬೇಕು" ಎಂದು ಆಜ್ಞೆ ಮಾಡಬಹುದು, ಅಷ್ಟೆ. ಅದನ್ನು ಮಾಡುವವನಿಗೆ ಹಸಿವಾಗಿರಬಹುದು, ನಿದ್ದೆ ಬಂದಿರಬಹುದು, ಗೆಳೆಯ ಸತ್ತ ದುಃಖದಲ್ಲಿ ಮೂಲೆ ಹಿಡಿದಿರಬಹುದು. ಪ್ರತಿಯೊಬ್ಬನಿಗೂ ಇಷ್ಟಾನಿಷ್ಟಗಳಿವೆ, ನೆನಪುಗಳಿವೆ. ಗುಮಾಸ್ತರಿಂದ ಕೆಲಸ ತೆಗೆದು ಗೊತ್ತಿರುವ ಯಾವ ಅಧಿಕಾರಿಗೂ ಈ ಕಷ್ಟ ವಿವರಿಸಬೇಕಾಗಿಲ್ಲ.

ಕೋಟೆ ಬೆಳೆದು ಸಂಪತ್ತು ಸೇರಿದಂತೆ ಅದರ ಸುದ್ದಿಯೂ ಹರಡುತ್ತದೆ. ಮೊದಲು ಕಳ್ಳರು, ಆಮೇಲೆ ಗಾಬ್ಲಿನ್ ಎಂಬ ದುಷ್ಟರ ದಂಡು, ಅದರ ನಂತರ ಮಹಾಮೃಗಗಳು. ಬೆಂಕಿಯುಗುಳುವ ಡ್ರ್ಯಾಗನ್, ಏಳು ತಲೆಯ ಹೈಡ್ರಾ, ಕಂಚಿನ ಮೈಯ ದೈತ್ಯ. ಇವುಗಳ ಎದುರು ನಿಮ್ಮ ಬಳಿ ಇರುವುದು ಹತ್ತಿಪ್ಪತ್ತು ಮಂದಿ ಅರೆಬರೆ ಕಲಿತ ಸೈನಿಕರು. ಬಲದಿಂದ ಆಗದ ಕೆಲಸವನ್ನು ಬುದ್ಧಿಯಿಂದ ಮಾಡಬೇಕು. ಬೋನು ಬೇಕಾಗುವುದು ಇಲ್ಲಿಯೇ.

ಬೋನಿನ ಲೆಕ್ಕಾಚಾರ

ಮುಂದೆ ಹೇಳುವುದೆಲ್ಲ 2022ರ ಡಿಸೆಂಬರ್‌ನಲ್ಲಿ ಹೊರಬಂದ ಆವೃತ್ತಿಯ ನಿಯಮ. ಬೋನಿಗೆ ಬೇಕಾದದ್ದು ಎರಡೇ ಸಾಮಾನು, ಒಂದು ಪಂಜರ ಮತ್ತು ಕಲ್ಲಿನಲ್ಲಿ ಕಡೆದ ಒಂದು ಯಂತ್ರಭಾಗ. ಪಂಜರವನ್ನು ಬಡಗಿ ಮರದಲ್ಲಿ ಮಾಡುತ್ತಾನೆ, ಕಮ್ಮಾರ ಲೋಹದಲ್ಲಿ ಮಾಡುತ್ತಾನೆ. ಬಾಗಿಲಿನಿಂದ ಒಳಕ್ಕೆ ಬರುವ ಇಕ್ಕಟ್ಟಾದ ಓಣಿಯಲ್ಲಿ ಇವನ್ನು ಹೂಡಿಟ್ಟರೆ ತುಳಿದ ಶತ್ರು ಪಂಜರದೊಳಗೆ. ನಿಮ್ಮ ಕೋಟೆಯವರಿಗೆ ಬೋನು ಇರುವ ಜಾಗ ಗೊತ್ತು, ಅವರು ಸುರಕ್ಷಿತವಾಗಿ ದಾಟುತ್ತಾರೆ. ಆದರೆ ಗಾಯಗೊಂಡು ಅದರ ಮೇಲೆಯೇ ಮೂರ್ಛೆ ಬಿದ್ದರೆ ಅವರನ್ನೂ ಅದು ಹಿಡಿದುಹಾಕುತ್ತದೆ. ಎಚ್ಚರ ತಪ್ಪಿದವನಿಗೆ ತನ್ನವರು ಇಟ್ಟ ಬೋನೂ ಬೋನೇ.

ಆಟದಲ್ಲಿ ನಗು ಬರುವ ಒಂದು ವಿಚಿತ್ರ ಉಂಟು. ಸಾಧಾರಣ ಮರದ ಪಂಜರ ಬೆಂಕಿಯುಗುಳುವ ಡ್ರ್ಯಾಗನ್ನನ್ನೂ ಹಿಡಿದಿಡುತ್ತದೆ. ಸುಡುವುದಿಲ್ಲ, ಮುರಿಯುವುದಿಲ್ಲ. ಇಲಿಬೋನಿಗೆ ಹುಲಿ ಬಿದ್ದಂತೆ. ಇಷ್ಟು ಸುಲಭವೇ ಎಂದು ನೀವು ಕೇಳಬಹುದು. ಇಷ್ಟೇ ಆಗಿದ್ದರೆ ಆಟ ವಾರದಲ್ಲಿ ಬೇಸರವಾಗುತ್ತಿತ್ತು. ಬೋನಿಗೆ ಮೂರು ಮಿತಿಗಳಿವೆ.

ಮೊದಲನೆಯದು, ಒಮ್ಮೆ ಮುಚ್ಚಿಕೊಂಡ ಬೋನು ಮತ್ತೆ ತಾನಾಗಿ ಸಜ್ಜಾಗುವುದಿಲ್ಲ. ತುಂಬಿದ ಪಂಜರವನ್ನು ಎತ್ತಿ ಹೊಸ ಪಂಜರ ತಂದಿಡಬೇಕು. ಹಿಂದೆ ಇನ್ನೂ ಇಪ್ಪತ್ತು ಗಾಬ್ಲಿನ್‌ಗಳಿರುವಾಗ ಆ ಕೆಲಸಕ್ಕೆ ಹೋಗುವವನು ಯಾರು? ಆದ್ದರಿಂದ ಬಲ್ಲವರು ಒಂದರ ಹಿಂದೊಂದು ಸಾಲಾಗಿ ಇಡುತ್ತಾರೆ. ಸಾಲು ಮುಗಿಯುವುದರೊಳಗೆ ದಂಡು ಮುಗಿಯಬೇಕು.

ಎರಡನೆಯದು, ಎಲ್ಲರೂ ಬೋನಿಗೆ ಬೀಳುವುದಿಲ್ಲ. ಕೋಬೋಲ್ಡ್ ಎಂಬ ಪುಟ್ಟ ಕಳ್ಳರು ಅದನ್ನು ಬಳಸಿಕೊಂಡು ನುಸುಳುತ್ತಾರೆ. ಗ್ರೆಮ್ಲಿನ್ ಎಂಬ ತುಂಟಪ್ರಾಣಿಗಳೂ ಹಾಗೆಯೇ. ಅವು ಒಳಗೆ ಬಂದು ಕೈಗೆ ಸಿಕ್ಕ ಸನ್ನೆಗೋಲನ್ನು ಎಳೆದುಬಿಡುತ್ತವೆ. ಇವಕ್ಕೆ ಮದ್ದು ಯಂತ್ರವಲ್ಲ, ನಾಯಿ. ಬಾಗಿಲ ಬಳಿ ಸರಪಳಿ ಹಾಕಿ ಕಟ್ಟಿದ ನಾಯಿ ಮರೆಯಲ್ಲಿ ಬರುವವನನ್ನು ಪತ್ತೆ ಮಾಡುತ್ತದೆ. ನಮ್ಮ ಹಳ್ಳಿಗಳ ರೈತರಿಗೆ ಇದನ್ನು ಯಾವ ಆಟವೂ ಕಲಿಸಬೇಕಾಗಿಲ್ಲ.

ಮೂರನೆಯದೇ ಭಯಂಕರ. ಭೂಮಿಯಡಿಯಲ್ಲಿ ಮೂರು ಅಂತಸ್ತಿನ ಮಹಾಗುಹೆಗಳಿವೆ. ಅಲ್ಲಿಂದ ಆಗಾಗ 'ಮರೆತ ಮೃಗ'ಗಳೆಂಬವು ಮೇಲೇರಿ ಬರುತ್ತವೆ. ಇವುಗಳ ರೂಪ ಯಾವ ಪುಸ್ತಕದಲ್ಲಿಯೂ ಇಲ್ಲ, ಪ್ರತಿ ಬಾರಿಯೂ ಗಣಕಯಂತ್ರ ಹೊಸದಾಗಿ ಕಲ್ಪಿಸುತ್ತದೆ. ಒಂದಕ್ಕೆ ರೆಕ್ಕೆ, ಇನ್ನೊಂದಕ್ಕೆ ಸೊಂಡಿಲು. ಒಂದರ ಮೈ ಹಬೆಯದಾದರೆ ಒಂದು ಪೆಟ್ಟಿಗೆ ಕರಗಿಹೋಗುತ್ತದೆ. ಲೋಹದ್ದಾದರೆ ಕತ್ತಿ ತಾಗುವುದಿಲ್ಲ. ಇನ್ನು ಕೆಲವು ಉಗುಳುವ ವಿಷದ ಧೂಳು ತಾಗಿದವರ ಮೈಯೇ ಕೊಳೆಯುತ್ತದೆ. ಈ ಮೃಗಗಳು ಬೋನಿನ ಮೇಲೆ ನಡೆದರೂ ಬೋನು ಮುಚ್ಚಿಕೊಳ್ಳುವುದಿಲ್ಲ. ಬಾಗಿಲಿಟ್ಟರೆ ಬಾಗಿಲು ಒಡೆಯುತ್ತವೆ.

ಹಾಗಾದರೆ ಉಪಾಯವಿಲ್ಲವೇ? ಇದೆ. ಉಪಾಯ ಇನ್ನೊಂದು ರಾಕ್ಷಸನಲ್ಲಿದೆ. ಅದೇ ಗುಹೆಗಳಲ್ಲಿ ದೈತ್ಯ ಜೇಡವೊಂದು ವಾಸಿಸುತ್ತದೆ. ಅದರ ಬಲೆಗೆ ಸಿಕ್ಕವನು ಮಿಸುಕುವಂತಿಲ್ಲ. ಬೋನಿಗೆ ಜಗ್ಗದ ಮೃಗವೂ ಬಲೆಯಲ್ಲಿ ಸಿಕ್ಕಿಬಿದ್ದ ಸ್ಥಿತಿಯಲ್ಲಿ ಬೋನಿನ ಮೇಲಿದ್ದರೆ ಹಿಡಿಯಲ್ಪಡುತ್ತದೆ. ವಿಶೇಷವೆಂದರೆ ಆ ಜೇಡ ಮಾತ್ರ ಸಾಧಾರಣ ಬೋನಿಗೇ ಬೀಳುತ್ತದೆ. ಅದನ್ನು ಮೊದಲು ಹಿಡಿದು, ಅದರಿಂದ ಬೋನುಗಳ ಮೇಲೆ ಬಲೆ ಹಾಕಿಸಿಕೊಂಡು, ಅದರ ಮೇಲೆ ಮರೆತ ಮೃಗವನ್ನು ಬರಮಾಡಿಕೊಳ್ಳುವುದು ಅನುಭವಿಗಳ ವಿಧಾನ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಆದರೆ ತಾನೇ ಬಲೆ ಉಗುಳಬಲ್ಲ ಮೃಗ ಬಂದರೆ ಈ ಉಪಾಯವೂ ನಡೆಯುವುದಿಲ್ಲ, ಅದಕ್ಕೆ ಬಲೆ ಅಂಟುವುದೇ ಇಲ್ಲ.

ಸೇತುವೆ, ನೀರು, ಬೆಂಕಿ

ಬೋನಲ್ಲದೆ ಬೇರೆ ದಾರಿಗಳೂ ಇವೆ. ಕಂದಕ ತೋಡಿ ಎತ್ತುವ ಸೇತುವೆ ಕಟ್ಟಬಹುದು. ಎತ್ತಿದಾಗ ಅದೇ ಗೋಡೆ, ಇಳಿಸಿದಾಗ ದಾರಿ. ಮುಂದೊಂದು ಹಿಂದೊಂದು ಸೇತುವೆಯಿಟ್ಟು, ಮೃಗ ನಡುವಿನ ಓಣಿಗೆ ಬಂದಾಗ ಎರಡನ್ನೂ ಎತ್ತಿಸಿದರೆ ಇಡೀ ಓಣಿಯೇ ಪಂಜರವಾಗುತ್ತದೆ. ನದಿಯನ್ನು ತಿರುಗಿಸಿ ಆ ಓಣಿಗೆ ನೀರು ತುಂಬಬಹುದು. ಬಹಳ ಆಳಕ್ಕೆ ಅಗೆದವರು ಭೂಗರ್ಭದ ಶಿಲಾರಸವನ್ನೇ ಮೇಲಕ್ಕೆ ತಂದು ಹರಿಸುತ್ತಾರೆ. ಅದಕ್ಕೆ ಯಂತ್ರಭಾಗಗಳು ಶಿಲಾರಸದ ಶಾಖ ತಡೆಯುವ ಕಲ್ಲಿನವಾಗಿರಬೇಕು, ಇಲ್ಲದಿದ್ದರೆ ಶತ್ರುವಿಗಿಂತ ಮೊದಲು ನಿಮ್ಮ ಬಾಗಿಲೇ ಕರಗಿಹೋಗುತ್ತದೆ.

ಇವೆಲ್ಲವೂ ಒಂದೊಂದು ಸನ್ನೆಗೋಲಿಗೆ ಜೋಡಿಸಲ್ಪಟ್ಟಿರುತ್ತವೆ. ಸನ್ನೆ ಎಳೆಯುವವನು ನೀವಲ್ಲ, ನಿಮ್ಮ ಕುಬ್ಜ. ಡ್ರ್ಯಾಗನ್ ಓಣಿಯೊಳಗೆ ಕಾಲಿಟ್ಟಿದೆ, ನೀವು ಆಜ್ಞೆ ಕೊಟ್ಟಿದ್ದೀರಿ, ಆಜ್ಞೆ ಪಡೆದವನು ಮೂರು ಅಂತಸ್ತು ಕೆಳಗಿನಿಂದ ಮೆಟ್ಟಿಲೇರಿ ಬರುತ್ತಿದ್ದಾನೆ. ನಡುವೆ ಅವನಿಗೆ ಬಾಯಾರಿಕೆಯಾದರೆ? ಹೀಗಾಗಿ ಅನುಭವಿಗಳು ಸನ್ನೆಗೋಲನ್ನು ಜನ ಸದಾ ಇರುವ ಊಟದ ಚಾವಡಿಯಲ್ಲಿಯೇ ಇಡುತ್ತಾರೆ. ಅಲ್ಲಿ ಹತ್ತು ಸನ್ನೆಗಳು ಸಾಲಾಗಿ ನಿಂತು, ಯಾವುದು ಸೇತುವೆಯದು ಯಾವುದು ಶಿಲಾರಸದ್ದು ಎಂಬುದು ಮರೆತುಹೋದರೆ ಕೋಟೆಗೆ ಶತ್ರುವೇ ಬೇಡ. ಯಂತ್ರ ಎಷ್ಟೇ ಚತುರವಾಗಿರಲಿ, ಕೊನೆಗೆ ಅದು ನಿಲ್ಲುವುದು ಅದನ್ನು ನಡೆಸುವವನ ನೆನಪಿನ ಮೇಲೆ.

ಹಿಡಿದ ಮೇಲೆ ಏನು?

ಈಗ ಡ್ರ್ಯಾಗನ್ ಬೋನಿನಲ್ಲಿದೆ. ಊರಿನವರೆಲ್ಲ ನೆಮ್ಮದಿಯಿಂದ ಊಟಕ್ಕೆ ಕುಳಿತಿದ್ದಾರೆ. ನಮ್ಮ ಅಜ್ಜಿಯ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಈ ಆಟದ ಕಥೆ ಇಲ್ಲಿಂದ ಮೊದಲಾಗುತ್ತದೆ.

ನಿಮ್ಮ ಮುಂದೆ ಹಲವು ದಾರಿಗಳಿವೆ. ಪಂಜರವನ್ನು ಚಾವಡಿಯ ನಡುವೆ ಇಟ್ಟು ಬಂದವರಿಗೆಲ್ಲ ತೋರಿಸಬಹುದು. ಪಂಜರವನ್ನು ಸನ್ನೆಗೋಲಿಗೆ ಜೋಡಿಸಿ ಹೆಬ್ಬಾಗಿಲ ಬಳಿ ಇಟ್ಟು, ಮುಂದಿನ ಬಾರಿ ಗಾಬ್ಲಿನ್ ದಂಡು ಬಂದಾಗ ಅವರ ಮೇಲೆಯೇ ಬಿಡಬಹುದು. ಹಿಡಿದದ್ದು ಗಾಬ್ಲಿನ್‌ಗಳಾದರೆ ಅವರ ಆಯುಧ, ಕವಚ ಕಿತ್ತುಕೊಂಡು ಅಖಾಡಕ್ಕಿಳಿಸಿ ನಿಮ್ಮ ಸೈನಿಕರಿಗೆ ಕಾದಾಟ ಕಲಿಸಬಹುದು. ಅಥವಾ ಮೃಗವನ್ನು ಪಳಗಿಸಲೂಬಹುದು. ಹೌದು, ಡ್ರ್ಯಾಗನ್ನನ್ನೂ ಪಳಗಿಸಬಹುದು.

ಆದರೆ ಪಳಗಿಸುವುದು ಒಂದು ದಿನದ ಕೆಲಸವಲ್ಲ. ಪಳಗಿದ ಕಾಡುಮೃಗವನ್ನು ಪಳಗಿಸಿದವನು ಮತ್ತೆ ಮತ್ತೆ ನೋಡಿಕೊಳ್ಳುತ್ತಿರಬೇಕು. ಅವನು ಸತ್ತರೆ, ಬೇರೆ ಕೆಲಸದಲ್ಲಿ ಮುಳುಗಿದರೆ, ಅಥವಾ ನೀವು ಅವನಿಗೆ ಬೇರೆ ಹತ್ತು ಹೊಣೆ ಹೊರಿಸಿದರೆ, ಮೃಗ ಮೆಲ್ಲಗೆ ತನ್ನ ಹಳೆಯ ಸ್ವಭಾವಕ್ಕೆ ಮರಳುತ್ತದೆ. ಅಷ್ಟು ಹೊತ್ತಿಗೆ ಅದು ಪಂಜರದೊಳಗಿಲ್ಲ, ನಿಮ್ಮ ಚಾವಡಿಯಲ್ಲಿದೆ. ಮರಿ ಡ್ರ್ಯಾಗನ್ ಸಾಕುತ್ತೇನೆ ಎನ್ನುವವರಿಗೆ ಇನ್ನೊಂದು ಮಾತು. ಈ ಆಟದ ಡ್ರ್ಯಾಗನ್ ತನ್ನ ಪೂರ್ಣ ಗಾತ್ರಕ್ಕೆ ಬೆಳೆಯಲು ಸಾವಿರ ವರ್ಷ ಬೇಕು. ನಿಮ್ಮ ಮರಿಮಕ್ಕಳ ಮರಿಮಕ್ಕಳಿಗೂ ಅದರ ಯೌವನ ಕಾಣುವುದಿಲ್ಲ.

ಕನ್ನಡಿಗರಿಗೆ ಇಲ್ಲಿ ಖೆಡ್ಡಾದ ನೆನಪಾಗದಿರದು. ಮೈಸೂರು ಸೀಮೆಯಲ್ಲಿ 1870ರ ದಶಕದಿಂದ 1971ರವರೆಗೆ ನಡೆದ ಆ ಆನೆ ಹಿಡಿಯುವ ಕಾರ್ಯದಲ್ಲಿ ಹೊರಗಿನವರು ನೋಡಲು ಬರುತ್ತಿದ್ದುದು ಆನೆಗಳನ್ನು ಅಟ್ಟಿ ಆವರಣಕ್ಕೆ ನುಗ್ಗಿಸುವ ಗಳಿಗೆಯನ್ನು. ಆಮೇಲೆ ತಿಂಗಳುಗಟ್ಟಲೆ ಆನೆಯ ಜತೆ ಇದ್ದು ಅದನ್ನು ಮಾತು ಕೇಳುವಂತೆ ಮಾಡುತ್ತಿದ್ದವರು ಮಾವುತರು, ಕಾವಾಡಿಗಳು. ಅದನ್ನು ನೋಡಲು ಅತಿಥಿಗಳು ಉಳಿಯುತ್ತಿರಲಿಲ್ಲ. ಹಿಡಿಯುವುದು ಹಬ್ಬ, ಇಟ್ಟುಕೊಳ್ಳುವುದು ದಿನದ ದುಡಿಮೆ. ಈ ಆಟ ಹೇಳುವುದೂ ಅದನ್ನೇ.

ಪಂಜರದ ಹೊರಗಿರುವವರ ಪರೀಕ್ಷೆ

ಕೈಗೆ ಸಿಕ್ಕ ಪ್ರಾಣಿಯನ್ನು ಏನು ಬೇಕಾದರೂ ಮಾಡಬಹುದೆಂಬ ಅಧಿಕಾರ ಬಂದಾಗ ಮನುಷ್ಯ ಏನು ಮಾಡುತ್ತಾನೆ? ಇದಕ್ಕೆ ಈ ಆಟದ ಚರಿತ್ರೆಯಲ್ಲಿಯೇ ಒಂದು ಉದಾಹರಣೆ ಇದೆ. ಆಟದ ಸಮುದ್ರದಲ್ಲಿ ಮತ್ಸ್ಯಕನ್ಯೆಯರಿದ್ದಾರೆ. ಅವರ ಮೂಳೆಗೆ ಆಟದ ಮಾರುಕಟ್ಟೆಯಲ್ಲಿ ಒಂದು ಕಾಲಕ್ಕೆ ಬಹಳ ಬೆಲೆಯಿತ್ತು. ಕೆಲವು ಆಟಗಾರರು ಲೆಕ್ಕ ಹಾಕಿದರು. ಅವರನ್ನು ಬೋನಿನಲ್ಲಿ ಹಿಡಿದು, ಕೂಡಿಹಾಕಿ, ಸಂತಾನ ಬೆಳೆಸಿ, ಕೊಂದು ಮೂಳೆ ಮಾರುವ ಪೂರ್ತಿ ವ್ಯವಸ್ಥೆಯನ್ನೇ ಯೋಜಿಸಿದರು. ಇದು ಟಾರ್ನ್ ಆಡಮ್ಸ್ ಕಿವಿಗೆ ಬಿದ್ದಾಗ ಅವರಿಗೆ ಹೇಸಿಗೆಯಾಯಿತು. ಅವರು ಆಟಗಾರರಿಗೆ ಉಪದೇಶ ಮಾಡಲಿಲ್ಲ, ನಿಷೇಧ ಹಾಕಲಿಲ್ಲ. ಮತ್ಸ್ಯಕನ್ಯೆಯ ಮೂಳೆಯ ಬೆಲೆ ಇಳಿಸಿಬಿಟ್ಟರು. ಲಾಭ ಹೋಯಿತು, ಕ್ರೌರ್ಯಕ್ಕೆ ಕಾರಣವೂ ಹೋಯಿತು.

ಯೋಚಿಸಿ ನೋಡಿ. ಆ ಮತ್ಸ್ಯಕನ್ಯೆ ಬರೀ ಒಂದು ಅಕ್ಷರ. ಅದಕ್ಕೆ ನೋವಿಲ್ಲ, ರಕ್ತವಿಲ್ಲ. ಆದರೂ ಅದನ್ನು ನಿರ್ಮಿಸಿದವನಿಗೆ ಮನಸ್ಸು ಕಲಕಿತು. ಯಾಕೆಂದರೆ ನೋವು ಇದ್ದದ್ದು ಪರದೆಯ ಮೇಲಲ್ಲ, ಲೆಕ್ಕ ಹಾಕಿದವನ ಮನಸ್ಸಿನ ರೀತಿಯಲ್ಲಿ. ರಾಕ್ಷಸನನ್ನು ಬೋನಿಗೆ ಹಾಕಿದ ಮೇಲೆ ರಾಕ್ಷಸತನ ಬೋನಿನ ಯಾವ ಕಡೆಗಿದೆ ಎಂದು ನೋಡಿಕೊಳ್ಳಬೇಕಾದವರು ಹೊರಗೆ ನಿಂತ ನಾವೇ.

ಸೋಲುವುದರಲ್ಲೇ ಸ್ವಾರಸ್ಯ

ಈ ಆಟಕ್ಕೆ ಗೆಲುವೆಂಬುದಿಲ್ಲ. ಯಾವ ಹಂತದಲ್ಲಿಯೂ "ನೀವು ಗೆದ್ದಿರಿ" ಎಂಬ ಫಲಕ ಬರುವುದಿಲ್ಲ. ಕೋಟೆ ನಡೆಯುವಷ್ಟು ದಿನ ನಡೆಯುತ್ತದೆ, ಒಂದು ದಿನ ಬೀಳುತ್ತದೆ. ಸೋಲುವುದೇ ಮೋಜು ಎಂಬುದು ಇದನ್ನು ಆಡುವವರ ಘೋಷವಾಕ್ಯ.

ಸೋಲು ಯಾವಾಗಲೂ ಡ್ರ್ಯಾಗನ್ನಿನಿಂದಲೇ ಬರುತ್ತದೆಂದು ತಿಳಿಯಬೇಡಿ. ಮೊದಮೊದಲ ಆವೃತ್ತಿಗಳಲ್ಲಿ ಹೊಳೆಯ ಗೆಂಡೆ ಮೀನುಗಳೇ ಮೀನು ಹಿಡಿಯಲು ಹೋದ ಕುಬ್ಜರನ್ನು ಕೊಂದುಹಾಕುತ್ತಿದ್ದವು. ಸದಾ ಈಜುವುದನ್ನು ಆಟದ ಲೆಕ್ಕ ವ್ಯಾಯಾಮವೆಂದು ಪರಿಗಣಿಸಿದ್ದರಿಂದ ಮೀನುಗಳು ಪೈಲ್ವಾನರಾಗಿದ್ದವು! 2006-07ರಲ್ಲಿ ಕೆಲವು ಗೆಳೆಯರು ಒಂದೇ ಕೋಟೆಯನ್ನು ಸರದಿಯ ಮೇಲೆ, ಆಟದ ಒಂದೊಂದು ವರ್ಷ ಒಬ್ಬೊಬ್ಬರಂತೆ ಆಳಿದರು. 'ಬೋಟ್‌ಮರ್ಡರ್ಡ್' ಎಂಬ ಆ ಕೋಟೆಗೆ ಕಾಟ ಕೊಟ್ಟದ್ದು ಕಾಡಾನೆಗಳ ಹಿಂಡು. ಆನೆಗಳಿಗೆ ರೋಸಿ ಅವರು ಒಂದು ಸನ್ನೆ ಎಳೆದರೆ ಕೋಟೆಯ ಹೊರಗೆಲ್ಲ ಶಿಲಾರಸ ಹರಿಯುವಂತೆ ಮಾಡಿದರು. ಕೊನೆಗೆ ಆ ಕೋಟೆ ನಾಶವಾದದ್ದು ತನ್ನದೇ ಬೆಂಕಿಯಿಂದ ಮತ್ತು ಒಳಗಿನವರ ಹುಚ್ಚಿನಿಂದ. ಪ್ರತಿಯೊಬ್ಬರೂ ತಮ್ಮ ಸರದಿಯ ಕಥೆಯನ್ನು ಬರೆದಿಟ್ಟಿದ್ದರಿಂದ ಅದು ಇಂದಿಗೂ ಜನ ಹುಡುಕಿ ಓದುವ ಕಥೆಯಾಗಿ ಉಳಿದಿದೆ.

2015ರ ಕೊನೆಯಲ್ಲಿ ನಡೆದ ಇನ್ನೊಂದು ಪ್ರಸಂಗ. ಆಟಕ್ಕೆ ಹೊಸದಾಗಿ ಹೆಂಡದಂಗಡಿಗಳನ್ನು ಸೇರಿಸಿದ್ದರು. ಒಡನೆಯೇ ಕೋಟೆಗಳಲ್ಲಿ ಬೆಕ್ಕುಗಳು ಸಾಯತೊಡಗಿದವು. ಜಗಳವಿಲ್ಲ, ಗಾಯವಿಲ್ಲ. ಟಾರ್ನ್ ಪತ್ತೇದಾರನಂತೆ ಹುಡುಕಿದರು. ಕುಬ್ಜರು ಕುಡಿಯುವಾಗ ಹೆಂಡ ನೆಲಕ್ಕೆ ಚೆಲ್ಲುತ್ತದೆ. ಬೆಕ್ಕು ಅದರ ಮೇಲೆ ನಡೆದಾಗ ಪಾದಕ್ಕೆ ಅಂಟುತ್ತದೆ. ಬೆಕ್ಕಿನ ಸ್ವಭಾವದಂತೆ ಪಾದ ನೆಕ್ಕಿಕೊಳ್ಳುತ್ತದೆ. ನೆಕ್ಕಿದ ಹನಿಯನ್ನು ಆಟ ಒಂದು ಲೋಟ ಎಂದು ಎಣಿಸುತ್ತಿತ್ತು. ಪುಟ್ಟ ಜೀವ ತಡೆಯಲಿಲ್ಲ. ಯಾರೂ ಬರೆಯದ ಕಥೆ, ಹತ್ತು ಸಣ್ಣ ಸತ್ಯಗಳು ಸೇರಿ ತಾನೇ ಆದ ಕಥೆ. ದೊಡ್ಡ ಅನಾಹುತಗಳು ನಿಜಜೀವನದಲ್ಲಿಯೂ ಎಷ್ಟೋ ಸಲ ಹೀಗೆಯೇ ಆಗುತ್ತವಲ್ಲವೇ?

ಬೋನಿಗೆ ಬೀಳದ ಮೃಗ

ಆಟ ಕಟ್ಟಿದವರ ಬಾಗಿಲಿಗೂ ಒಂದು ಮೃಗ ಬಂತು. ಅಣ್ಣ ಝ್ಯಾಕ್‌ಗೆ ಚರ್ಮದ ಕ್ಯಾನ್ಸರ್ ಆಗಿ ಚಿಕಿತ್ಸೆ ನಡೆಯಿತು. ಅಮೆರಿಕದಲ್ಲಿ ವೈದ್ಯಕೀಯ ಖರ್ಚೆಂದರೆ ಏನೆಂಬುದನ್ನು ಅಲ್ಲಿ ಮಕ್ಕಳಿರುವ ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ. ಕಾಣಿಕೆಯ ಹಣದಲ್ಲಿ ಬದುಕುವವರಿಗೆ ಒಂದು ದೊಡ್ಡ ಕಾಯಿಲೆ ಸಾಕು, ಕಟ್ಟಿದ್ದೆಲ್ಲ ಕುಸಿಯಲು. 2019ರ ಮಾರ್ಚ್‌ನಲ್ಲಿ ಸಹೋದರರು ಈ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿ, ಚಿತ್ರಗಳಿರುವ ಹೊಸ ರೂಪವೊಂದನ್ನು ಬೆಲೆಯಿಟ್ಟು ಮಾರುವುದಾಗಿ ಪ್ರಕಟಿಸಿದರು. ಕೆನಡಾದ ಕಿಟ್‌ಫಾಕ್ಸ್ ಎಂಬ ಸಂಸ್ಥೆ ಜತೆಗೂಡಿತು. 2022ರ ಡಿಸೆಂಬರ್ 6ರಂದು ಅದು ಹೊರಬಂದಾಗ ಬೆಲೆ ಸುಮಾರು ಮೂವತ್ತು ಡಾಲರ್. ಹಳೆಯ ಅಕ್ಷರರೂಪವನ್ನು ಮಾತ್ರ ಎಂದಿನಂತೆ ಉಚಿತವಾಗಿಯೇ ಉಳಿಸಿಕೊಂಡರು.

ಉಚಿತವಾಗಿ ಸಿಗುವುದನ್ನು ಹಣ ಕೊಟ್ಟು ಯಾರು ಕೊಳ್ಳುತ್ತಾರೆ? ಸುಮಾರು ಒಂದು ತಿಂಗಳೊಳಗೆ ಐದು ಲಕ್ಷ ಪ್ರತಿಗಳು ಮಾರಾಟವಾದವು. ಹೊಸದಾಗಿ ಆಡಲು ಬಂದವರ ಜತೆಗೆ, ವರ್ಷಗಟ್ಟಲೆ ಪುಕ್ಕಟೆಯಾಗಿ ಆಡಿದ್ದವರೂ ಸಾಲ ತೀರಿಸುವವರಂತೆ ಬಂದು ಕೊಂಡರು. ಹದಿನಾರು ವರ್ಷ ಕೊಟ್ಟದ್ದು ಒಂದು ತಿಂಗಳಲ್ಲಿ ಮರಳಿ ಬಂತು. ಕಾಯಿಲೆಯೆಂಬ ಮೃಗಕ್ಕೆ ಬೋನು ಇಲ್ಲ ನಿಜ. ಆದರೆ ಜನರ ಪ್ರೀತಿ ಒಂದು ಗೋಡೆಯಾಗಬಲ್ಲದು.

ಮನೆಯವರಿಗೆ ಒಂದು ಮಾತು

ಆಟ ಒಳ್ಳೆಯದು, ಮಕ್ಕಳನ್ನು ರಾತ್ರಿಯಿಡೀ ಆಡಲು ಬಿಡಿ ಎಂದು ಈ ಲೇಖನದ ಅಭಿಪ್ರಾಯವಲ್ಲ. ನಿದ್ದೆ ನಿದ್ದೆಯೇ, ಪರೀಕ್ಷೆ ಪರೀಕ್ಷೆಯೇ. ಈ ಆಟ ಸಮಯವನ್ನು ನುಂಗುವುದರಲ್ಲಿ ಯಾವ ಮಹಾಮೃಗಕ್ಕೂ ಕಡಿಮೆಯಿಲ್ಲ. ಅದಕ್ಕೆ ಗಡಿಯಾರವೆಂಬ ಬೋನು ಇಡಬೇಕಾದವರು ಮನೆಯ ದೊಡ್ಡವರೇ.

ಆದರೆ ಬೈಯುವ ಮೊದಲು ಒಂದು ಸಂಜೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. "ಎಷ್ಟು ಕೊಂದೆ?" ಎಂದು ಕೇಳಬೇಡಿ. "ಹಿಡಿದದ್ದನ್ನು ಎಲ್ಲಿ ಇಟ್ಟಿದ್ದೀ? ಅದನ್ನು ನೋಡಿಕೊಳ್ಳುವವರು ಯಾರು? ಆ ಸನ್ನೆ ಎಳೆದರೆ ಏನಾಗುತ್ತೆ?" ಎಂದು ಕೇಳಿ. ಉತ್ತರ ಹೇಳುವಾಗ ನಿಮ್ಮ ಮಗನೋ ಮೊಮ್ಮಗಳೋ ಕಣ್ಣರಳಿಸಿ ಅರ್ಧ ಗಂಟೆ ಮಾತನಾಡಿದರೆ ಆಶ್ಚರ್ಯಪಡಬೇಡಿ. ಅದೂ ಕನ್ನಡದಲ್ಲಿಯೇ ಮಾತನಾಡಲಿ. ಬೋನು, ಅಗುಳಿ, ಕಂದಕ, ಚಾವಡಿ, ಸನ್ನೆಗೋಲು: ಪರಊರಿನಲ್ಲಿ ಬೆಳೆದ ಮಕ್ಕಳ ಬಾಯಲ್ಲಿ ಈ ಮಾತುಗಳು ಬಳಕೆಗೆ ಬರಲು ಇಷ್ಟು ಸುಲಭದ ಸಂದರ್ಭ ಬೇರೆಲ್ಲಿ ಸಿಕ್ಕೀತು?

ಸಿಟ್ಟು, ಆಸೆ, ಅಧಿಕಾರ ಇವೂ ಒಂದೊಂದು ಮೃಗಗಳೇ. ಅವುಗಳನ್ನು ಕೊಂದವರನ್ನು ನಾವು ಪುರಾಣಗಳಲ್ಲಿ ಓದಿದ್ದೇವೆ. ನಮ್ಮಂಥ ಸಂಸಾರಿಗಳಿಗೆ ಸಾಧ್ಯವಿರುವುದು ಹಿಡಿದು ಇಟ್ಟುಕೊಳ್ಳುವುದು, ಪ್ರತಿದಿನವೂ ಹೋಗಿ ಅಗುಳಿ ಸರಿಯಾಗಿದೆಯೇ ಎಂದು ನೋಡಿ ಬರುವುದು. ಏಳು ಮಂದಿ ಕುಬ್ಜರು ಈ ಪಾಠ ಕಲಿಸಿದರೆ ಕಲಿಯಲು ಸಂಕೋಚವೇಕೆ?